ಎಡಗಡೆಯ ಕಿಟಕಿಯಿಂದ ಕಂಡದ್ದು

ಯಾರಾದರೂ ತಮಗಾದ ವಿಚಿತ್ರ ಅನುಭವವನ್ನು ಹೇಳತೊಡಗಿದರೆ ನಡುವೆ ಬಾಯಿ ಹಾಕಿ ಕೆಡಿಸುವ ಚಾಳಿ ನನಗೆ ಮೊದಲಿನಿಂದಲೂ ಇತ್ತು. ಆಗ ಎಷ್ಟು ಗಂಟೆಯಾಗಿತ್ತು, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಜೊತೆಗೆ ಇನ್ಯಾರಿದ್ದರು, ಇದನ್ನು ಈವರೆಗೆ ಎಷ್ಟು ಜನರಿಗೆ ಹೇಳಿದ್ದೀರಿ ಎಂದು ಕೇಳುತ್ತಿದ್ದೆ. ನಾಲ್ಕನೆಯ ಪ್ರಶ್ನೆಗೆ ಬರುವ ಹೊತ್ತಿಗೆ ಹೇಳುವವರು ಬೇಸತ್ತು ಮಾತು ಬದಲಿಸುತ್ತಿದ್ದರು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬೆಂಗಳೂರಿನ ಒಂದು ಕಾರ್ಖಾನೆಯ ಅಳತೆ ವಿಭಾಗದಲ್ಲಿ ಕೆಲಸಕ್ಕಿದ್ದವನು ನಾನು. ಯಂತ್ರದ ಬಿಡಿಭಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇದ್ದರೂ ವಾಪಸು ಕಳಿಸುವುದು ನನ್ನ ಕೆಲಸ. ಜನರ ಮಾತನ್ನೂ ಹಾಗೆಯೇ ಅಳೆದು ವಾಪಸು ಕಳಿಸುತ್ತಿದ್ದೆ.

ಈಗ ಬರೆಯುತ್ತಿರುವುದನ್ನು ಬೇರೆಯವರು ನನಗೆ ಹೇಳಿದ್ದರೆ ನಾನು ಖಂಡಿತ ಒಪ್ಪುತ್ತಿರಲಿಲ್ಲ. ನೀವೂ ಒಪ್ಪಬೇಕಾಗಿಲ್ಲ. ನೆನಪಿದ್ದಷ್ಟನ್ನು ನೆನಪಿರುವ ಹಾಗೆ ಹೇಳುತ್ತೇನೆ. ನೆನಪಿನ ಮೇಲೆ ನನಗೇ ಅನುಮಾನ ಬರುವ ಜಾಗದಲ್ಲಿ ಅದನ್ನೂ ಹೇಳಿಬಿಡುತ್ತೇನೆ.

ನನ್ನ ತಂದೆತಾಯಿ ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗಲೇ ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ನನ್ನನ್ನು ಸಾಕಿದವಳು ನನಗಿಂತ ಹನ್ನೆರಡು ವರ್ಷ ದೊಡ್ಡವಳಾದ ಅಕ್ಕ ಗೌರಮ್ಮ. ಅವಳನ್ನು ನ್ಯಾಮತಿಗೆ ಕೊಟ್ಟಿತ್ತು. ಭಾವ ಹಾಲೇಶಪ್ಪ ಅಲ್ಲಿ ಒಂದು ಖಾಸಗಿ ಬಸ್ ಕಂಪನಿಯ ಬುಕಿಂಗ್ ಏಜೆಂಟ್. ಹೊನ್ನಾಳಿ, ಸವಳಂಗ, ಶಿವಮೊಗ್ಗ ಕಡೆಗೆ ಹೋಗುವ ಬಸ್ಸುಗಳಿಗೆ ಜನ ಕೂಗಿ ಹತ್ತಿಸುವುದು, ಟಿಕೆಟ್ ಹರಿಯುವುದು, ಜಗಳ ಬಿಡಿಸುವುದು ಎಲ್ಲ ಅವರದೇ. ಮಕ್ಕಳಿಲ್ಲದ ಅವರಿಬ್ಬರಿಗೂ ನಾನೇ ಮಗನಂತೆ ಇದ್ದೆ.

ಸೀಟು ಆರಿಸುವುದನ್ನು ನನಗೆ ಕಲಿಸಿದವರು ಭಾವ. ಹಿಂದಿನ ಗಾಲಿಯ ಮೇಲಿನ ಸೀಟು ಕುಲುಕುತ್ತದೆ, ಬಾಗಿಲ ಪಕ್ಕದ್ದು ದೂಳು ತಿನ್ನಿಸುತ್ತದೆ, ಡ್ರೈವರ್ ಹಿಂದಿನದು ಎಂಜಿನ್ನಿನ ಕಾವು ಹೊಡೆಯುತ್ತದೆ. ಬೆಳಗಿನ ಬಸ್ಸಾದರೆ ಬಿಸಿಲು ಯಾವ ಕಡೆ, ನೆರಳು ಯಾವ ಕಡೆ, ತಿರುವಿನ ನಂತರ ಬಿಸಿಲು ಎಲ್ಲಿಗೆ ಬರುತ್ತದೆ ಎನ್ನುವುದೆಲ್ಲ ಅವರ ತಲೆಯಲ್ಲಿತ್ತು. ಎಪ್ಪತ್ತರ ದಶಕದಲ್ಲಿ ನಾನು ಕಾಲೇಜಿಗೆ, ಆಮೇಲೆ ಯೂನಿವರ್ಸಿಟಿಗೆ ಹೊರಟಾಗಲೆಲ್ಲ ಬಸ್ಸು ನಿಲ್ಲುವ ಮೊದಲೇ ಅವರ ಹೆಗಲ ಮೇಲಿನ ಟವೆಲ್ ಕಿಟಕಿಯಿಂದ ಒಳಗೆ ಬೀಳುತ್ತಿತ್ತು. ನಮ್ಮ ಕಡೆ ಒಮ್ಮೆ ಟವೆಲ್ ಬಿದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ. ಎಷ್ಟೇ ನೂಕುನುಗ್ಗಲಿದ್ದರೂ ನನಗೆ ನೆರಳಿನ ಕಡೆಯ ಕಿಟಕಿ ಸಿಕ್ಕೇ ಸಿಗುತ್ತಿತ್ತು. ನಾನು ಕೂತ ಮೇಲೆ ಟವೆಲ್ ವಾಪಸು ತೆಗೆದುಕೊಂಡು ಎರಡು ಸಲ ಸೀಟಿ ಊದುತ್ತಿದ್ದರು. ಒಂದು ಸೀಟಿ ಎಂದರೆ ನಿಲ್ಲು, ಎರಡು ಎಂದರೆ ರೈಟ್, ಹೊರಡು. ಲೋಕದಲ್ಲಿ ಒಬ್ಬರನ್ನು ನಾನು ಅಳೆಯದೆ ನಂಬಿದ್ದರೆ ಅವರನ್ನು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಕಾರ್ಖಾನೆಯ ನಕ್ಷೆ ವಿಭಾಗಕ್ಕೆ ವಿಮಲಾ ಬಂದಳು. ಬೆಳಗಾವಿಯವಳು. ಒಂದೂವರೆ ವರ್ಷದ ಪರಿಚಯದ ನಂತರ ಇಬ್ಬರೂ ಮದುವೆಯಾಗಬೇಕೆಂದುಕೊಂಡೆವು. ನಾವು ಲಿಂಗಾಯತರು. ಅವಳದು ಅವಳ ತಾತನ ಕಾಲಕ್ಕೆ ಬೌದ್ಧಧರ್ಮಕ್ಕೆ ಬಂದ ಮನೆ. ಅವಳ ತಂದೆ ಹೈಸ್ಕೂಲು ಮಾಸ್ತರರು. ಅವರು ಬೇಡ ಎನ್ನಲಿಲ್ಲ. ಆದರೆ ಒಂದು ಮಾತು ಬರೆದು ಕಳಿಸಿದ್ದರು: ನನ್ನ ಮಗಳನ್ನು ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸುವ ಮನೆಗೆ ನಾನು ಕೊಡುವುದಿಲ್ಲ, ನಿಮ್ಮನ್ನು ಸಾಕಿದ ಅಕ್ಕನವರು ಮನಸಾರೆ ಒಪ್ಪಿದರೆ ಮಾತ್ರ ಮುಂದಿನ ಮಾತು.

ಅಕ್ಕ ಒಪ್ಪಿರಲಿಲ್ಲ. ಜಗಳವಾಡಿದ್ದರೆ ನನಗೂ ವಾದಕ್ಕೆ ಜಾಗ ಇರುತ್ತಿತ್ತು. ಅವಳು ಜಗಳವಾಡಲಿಲ್ಲ. ನಾನು ಮಾತು ತೆಗೆದಾಗಲೆಲ್ಲ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು.

ಆಗಲೇ ಕಾರ್ಖಾನೆಯವರು ಒಂದು ಅಳತೆಯ ಉಪಕರಣವನ್ನು ತುರ್ತಾಗಿ ಬೆಳಗಾವಿಗೆ ಮುಟ್ಟಿಸಬೇಕೆಂದರು. ಬಸ್ಸಿನಲ್ಲೋ ರೈಲಿನಲ್ಲೋ ಕುಲುಕಿದರೆ ಕೆಡುವಂಥದ್ದು. ಅದನ್ನು ತೊಡೆಯ ಮೇಲಿಟ್ಟುಕೊಂಡು ವಿಮಾನದಲ್ಲಿ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಗುರುವಾರ ಬೆಳಿಗ್ಗೆ ವಿಮಾನ, ಅದೇ ಸಂಜೆ ಮಾಸ್ತರರನ್ನು ಕಾಣುವುದು ಎಂದು ಗೊತ್ತಾಯಿತು. ಅದಕ್ಕೂ ಮೊದಲಿನ ಭಾನುವಾರ ನಾನು ನ್ಯಾಮತಿಗೆ ಓಡಿದೆ. ಅಕ್ಕ ಎಂದಿನಂತೆ ಹಿತ್ತಲಿಗೆ ಹೋದಳು. ಭಾವ ನನ್ನನ್ನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು.

ನನ್ನ ಮದುವೆಗಿಂತ ವಿಮಾನದ ಸುದ್ದಿ ಅವರಿಗೆ ಹೆಚ್ಚು ಹಿಡಿಸಿದಂತಿತ್ತು. ಸೀಟಿಗೆ ನಂಬರು ಕೊಡುತ್ತಾರೋ ಹೇಗೆ ಎಂದು ಕೇಳಿದರು. ಆ ಚಿಕ್ಕ ವಿಮಾನದಲ್ಲಿ ನಂಬರಿಲ್ಲ, ಮೊದಲು ಹತ್ತಿದವರಿಗೆ ಬೇಕಾದ ಸೀಟು ಎಂದು ನಮ್ಮ ಆಫೀಸಿನಲ್ಲಿ ಹೇಳಿದ್ದರು. ಭಾವನ ಮುಖ ಅರಳಿತು.

“ಹಂಗಾದ್ರೆ ನಮ್ಮ ಬಸ್ಸಿಗಿಂತ ಏನು ದೊಡ್ಡದು ಬಿಡು” ಎಂದರು. “ನೋಡಪ್ಪಾ, ಗಾಲಿ ಮೇಲೆ ಕೂರಬೇಡ ಅಂತೀನಲ್ಲ, ಅಲ್ಲಿ ರೆಕ್ಕೆ ಮೇಲೆ ಕೂರಬೇಡ. ಬರೀ ತಗಡು ನೋಡ್ಕಂತ ಹೋಗ್ಬೇಕಾಗ್ತೈತೆ. ರೆಕ್ಕೆಗಿಂತ ಮುಂದೆ, ಎಡಗಡೆ ಕಿಟಕಿ. ಬೆಳಿಗ್ಗೆ ಹೊತ್ತು, ಬಿಸಿಲು ಬಲಗಡೆ ಬೀಳ್ತೈತೆ. ಎಡಗಡೆ ನೆರಳು, ನಮ್ಮ ಊರುಗಳೂ ಆ ಕಡೇನೇ.”

ನಾನು ಚೀಲದಿಂದ ನಕ್ಷೆ ತೆಗೆದು ಗೆರೆ ಎಳೆದು ನೋಡಿದೆ. ವಿಮಾನವನ್ನು ದೂರದಿಂದಲ್ಲದೆ ಕಂಡಿರದ ಮನುಷ್ಯ ಹೇಳಿದ್ದು ಸರಿಯಾಗಿತ್ತು. ಜಗಳೂರು ಬಲಕ್ಕೆ ಬೀಳುತ್ತದೆ. ಚನ್ನಗಿರಿ, ಸೂಳೆಕೆರೆ, ಹೊನ್ನಾಳಿ ಎಲ್ಲ ಎಡಕ್ಕೆ. ಒಳ್ಳೆಯ ನೋಟ ಬೇಕಾದವನು ಎಡಗಡೆಯೇ ಕೂರಬೇಕು.

ಆಗ ಅವರಿಗೆ ಹೊಳೆದದ್ದು ಕನ್ನಡಿಯ ಉಪಾಯ. ಗುಜರಿಗೆ ಹೋದ ಒಂದು ಬಸ್ಸಿನಿಂದ ಡ್ರೈವರ್ ತಲೆಯ ಮೇಲಿನ ಉದ್ದನೆಯ ಕನ್ನಡಿಯನ್ನು ಬಿಚ್ಚಿ ತಂದು ಅವರು ಬುಕಿಂಗ್ ಆಫೀಸಿನಲ್ಲಿ ನೇತುಹಾಕಿದ್ದರು. ಅದರಲ್ಲೇ ತಲೆ ಬಾಚುವುದು. ಅದನ್ನು ಹಿಡಿದು ಗುರುವಾರ ಬೆಳಿಗ್ಗೆ ಸೂಳೆಕೆರೆ ಏರಿಯ ಮೇಲೆ, ತೂಬಿನ ಹತ್ತಿರ ನಿಲ್ಲುತ್ತೇನೆ ಎಂದರು. ಅಷ್ಟರಲ್ಲಿ ಅಕ್ಕನನ್ನು ಕೂರಿಸಿ ಮಾತಾಡಿರುತ್ತೇನೆ, ನಾಲ್ಕು ದಿನ ಸಾಕು ಎಂದೂ ಹೇಳಿದರು.

“ಒಪ್ಪಿದ್ಲು ಅಂದ್ರೆ ಎರಡು ಸಲ ಮಿಂಚಿಸ್ತೀನಿ. ರೈಟ್, ಹೊರಡು ಅಂತ. ಒಪ್ಪಲಿಲ್ಲ ಅಂದ್ರೆ ಒಂದೇ ಸಲ. ನೀನು ಮಾಸ್ತರ ಮುಂದೆ ಬಾಯಿ ತೆಗೀಬೇಡ.”

ಇದನ್ನು ಹುಡುಗಾಟವೆಂದು ನಾನು ತಳ್ಳಿಹಾಕಬೇಕಿತ್ತು. ಆದರೆ ಬುಧವಾರದೊಳಗೆ ನನಗೆ ಪತ್ರ ತಲುಪುವಂತಿರಲಿಲ್ಲ, ಟ್ರಂಕ್ ಕಾಲ್ ಹಾಕಿದರೆ ಪೋಸ್ಟಾಫೀಸಿನವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅಂಗೈಯಗಲದ ಕನ್ನಡಿಯ ಬಿಸಿಲು ಇಪ್ಪತ್ತು ಮೂವತ್ತು ಮೈಲಿ ದೂರಕ್ಕೆ ಬರಿಗಣ್ಣಿಗೆ ಕಾಣುತ್ತದೆ ಎಂಬುದನ್ನು ನಾನು ಓದಿದ್ದೆ. ಗುರಿ ಇಡುವುದು ಎಷ್ಟು ಕಷ್ಟ ಎಂಬುದೂ ಗೊತ್ತಿತ್ತು. ಮೊದಲನೆಯದನ್ನು ಹೇಳಿದೆ, ಎರಡನೆಯದನ್ನು ಹೇಳಲಿಲ್ಲ. ಆಶೆ ಇದ್ದವನು ಹಾಗೆಯೇ ಮಾಡುತ್ತಾನೆ.

ಗುರುವಾರ ಮೋಡವಿರಲಿಲ್ಲ. ವಿಮಾನದ ಮೆಟ್ಟಿಲ ಹತ್ತಿರ ಕೋಟು ಸೂಟು ಹಾಕಿದವರೂ ನಮ್ಮ ಬಸ್‌ಸ್ಟ್ಯಾಂಡಿನವರಂತೆಯೇ ನುಗ್ಗಿದರು. ನಾನು ರೆಕ್ಕೆಗಿಂತ ಎರಡು ಸಾಲು ಮುಂದೆ ಎಡಗಡೆಯ ಕಿಟಕಿಯ ಸೀಟಿನ ಮೇಲೆ ಕರವಸ್ತ್ರ ಹಾಕಿ, ಉಪಕರಣದ ಪೆಟ್ಟಿಗೆಯ ಬಗ್ಗೆ ಗಗನಸಖಿಯನ್ನು ಕೇಳಲು ಹೋದೆ. ವಾಪಸು ಬರುವಷ್ಟರಲ್ಲಿ ಸಫಾರಿ ಸೂಟಿನ ಒಬ್ಬ ದಪ್ಪ ಮನುಷ್ಯ ನನ್ನ ಕರವಸ್ತ್ರವನ್ನು ಎರಡು ಬೆರಳಿನಲ್ಲಿ ಎತ್ತಿ ಪಕ್ಕದ ಸೀಟಿಗೆ ಹಾಕಿ, ಕಿಟಕಿಗೆ ತಾನು ಕೂತಿದ್ದ. ಇದು ನನ್ನ ಜಾಗ, ಕರವಸ್ತ್ರ ಹಾಕಿದ್ದೆ ಎಂದೆ. ಯಾರೋ ಬೀಳಿಸಿಕೊಂಡು ಹೋಗಿದ್ದಾರೆ ಅಂದುಕೊಂಡೆ ಎಂದು ಆತ ಇಂಗ್ಲಿಷಿನಲ್ಲಿ ನಕ್ಕ. ಹೊನ್ನಾಳಿಯಲ್ಲಾಗಿದ್ದರೆ ಇಷ್ಟಕ್ಕೆ ಇಡೀ ಬಸ್ಸು ನನ್ನ ಪರ ನಿಲ್ಲುತ್ತಿತ್ತು. ಕೊನೆಗೆ ನನ್ನ ಊರು ಕಾಣುತ್ತದೆ, ನೋಡಲೇಬೇಕು ಎಂದು ಬೇಡಿಕೊಂಡೆ. ಆತ ಎದ್ದು ಜಾಗ ಬಿಟ್ಟುಕೊಟ್ಟ.

ಜಾಗ ಬಿಟ್ಟುಕೊಟ್ಟ ಎಂದೇ ನನ್ನ ನೆನಪು. ವಿಮಲಾ ಹೇಳುವುದು ಬೇರೆ. ಆತ ಏಳಲೇ ಇಲ್ಲ, ಅವನ ಹೆಗಲ ಮೇಲಿಂದ ಬಗ್ಗಿ ನೋಡಿದೆ ಎಂದು ಆ ವಾರವೇ, ಸೀಟಿನ ಜಗಳ ಹೇಳುವಾಗ, ನಾನು ಅವಳಿಗೆ ಹೇಳಿದ್ದೆನಂತೆ. ಈಗ ಕಣ್ಣು ಮುಚ್ಚಿದರೆ ನನಗೆ ಎರಡು ಚಿತ್ರಗಳೂ ಬರುತ್ತವೆ. ಒಂದರಲ್ಲಿ ನನ್ನ ಹಣೆ ತಣ್ಣನೆಯ ಗಾಜಿಗೆ ತಾಗಿದೆ. ಇನ್ನೊಂದರಲ್ಲಿ ನನಗೂ ಕಿಟಕಿಗೂ ನಡುವೆ ಎಣ್ಣೆ ಹಚ್ಚಿದ ತಲೆ, ಒಂದು ದಪ್ಪ ಕಿವಿ ಇದೆ. ಎರಡನೆಯದು ಅವಳ ಮಾತಿನಿಂದ ಹುಟ್ಟಿದ್ದೋ ಏನೋ ಗೊತ್ತಿಲ್ಲ.

ವಿಮಾನ ಏರಿತು. ಮೊದಲ ಅರ್ಧ ಗಂಟೆ ನೋಡಿದ್ದರಲ್ಲಿ ಬಂಡೆಗುಡ್ಡಗಳು, ಸಣ್ಣ ಕೆರೆಗಳು, ತೆಂಗಿನ ತೋಟಗಳ ಕಪ್ಪು ಚೌಕಗಳು ನೆನಪಿವೆ. ಎಲ್ಲ ಕೆರೆಗಳೂ ಒಂದೇ ಥರ ಕಂಡು, ಸೂಳೆಕೆರೆ ತಪ್ಪಿಹೋಯಿತೇನೋ ಎಂದು ಗಾಬರಿಯಾಯಿತು. ಆದರೆ ಅದು ಬಂದಾಗ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಗುಡ್ಡಗಳ ಸಾಲು ಮುರಿದ ಜಾಗದಲ್ಲಿ ಅಷ್ಟು ದೊಡ್ಡ ನೀರು ಆ ಸೀಮೆಯಲ್ಲಿ ಬೇರೆ ಇಲ್ಲ. ನೀರು ಹೊಳೆಯುತ್ತಿರಲಿಲ್ಲ, ಮಾಸಿದ ತಗಡಿನ ಬಣ್ಣದಲ್ಲಿತ್ತು. ಸೂರ್ಯ ನಮ್ಮ ಬೆನ್ನಿಗಿದ್ದುದರಿಂದ ಹಾಗೆಯೇ ಇರಬೇಕಾದದ್ದು. ಎರಡು ಗುಡ್ಡಗಳ ನಡುವೆ ಏರಿಯ ಗೆರೆ ಉಗುರಿನ ಗೀಚಿನಂತೆ ಕಾಣುತ್ತಿತ್ತು.

ಆ ಗೆರೆಯ ಮೇಲೆ ಬೆಳಕು ಮಿಂಚಿತು. ಬೆಂಕಿಕಡ್ಡಿಯ ತಲೆಯಷ್ಟು, ಬೆಳ್ಳಗೆ, ಕಣ್ಣು ಚುಚ್ಚುವ ಹಾಗೆ. ಎರಡು ಸಲ. ಸ್ವಲ್ಪ ಬಿಟ್ಟು ಮತ್ತೆ ಎರಡು ಸಲ. ಮತ್ತೊಮ್ಮೆ ಎರಡು. ನಂತರ ಇಲ್ಲ.

ನೋಡಿದಿರಾ ಎಂದು ಪಕ್ಕದವನನ್ನು ಕೇಳಿದೆ. ಯಾವುದೋ ತಗಡಿನ ಚಾವಣಿ ಇರಬೇಕು ಎಂದ. ಅವನು ಬೆಳಕನ್ನು ಕಂಡು ಹಾಗೆಂದನೋ, ನನ್ನ ಮಾತಿಗೆ ಉತ್ತರವಾಗಿ ಹಾಗೆಂದನೋ ಆಗ ಕೇಳಲು ತೋಚಲಿಲ್ಲ. ಟವೆಲ್ ಕಿಟಕಿಯಿಂದ ಬಂದು ಬಿದ್ದ ಹಾಗೆ ಅನ್ನಿಸಿತ್ತು ನನಗೆ. ಹೊನ್ನಾಳಿಯ ಹೊಳೆ ಬಂದುಹೋದದ್ದನ್ನೂ ನಾನು ನೋಡಲಿಲ್ಲ.

ಸಂಜೆ ಬೆಳಗಾವಿಯಲ್ಲಿ ಮಾಸ್ತರರು ಚಹಾ ಕೊಟ್ಟು ನೇರವಾಗಿ ಕೇಳಿದರು: “ನಿಮ್ಮ ಅಕ್ಕಾರು ಒಪ್ಯಾರೇನ್ರಿ?”

“ಒಪ್ಪಿದ್ದಾರೆ” ಎಂದೆ.

ಕನ್ನಡಿಯ ವಿಷಯ ಹೇಳಲಿಲ್ಲ. ಹೇಳಿದ್ದರೆ ನಗುತ್ತಿದ್ದರು, ಅಥವಾ ನಾನು ಕೇಳುವಂಥ ಪ್ರಶ್ನೆಗಳನ್ನು ಅವರು ಕೇಳುತ್ತಿದ್ದರು. ಮಾಸ್ತರರು ಒಳಗೆ ಹೋಗಿ ಹೆಂಡತಿಗೆ ಹೇಳಿ ಬಂದರು. ಎರಡು ತಿಂಗಳ ನಂತರ ರಿಜಿಸ್ಟರ್ ಮದುವೆ ಎಂದು ಅಂದೇ ಮಾತಾಯಿತು.

ಮುಂದಿನ ಭಾನುವಾರ ನಾನು ಸಿಹಿ ಹಿಡಿದುಕೊಂಡು ನ್ಯಾಮತಿಗೆ ಹೋದೆ. ಅಕ್ಕ ಹೊಸಿಲಲ್ಲೇ ನಿಂತು ಪೊಟ್ಟಣ ನೋಡಿ ಇದೇನು ಎಂದಳು. ನೀನು ಒಪ್ಪಿದ್ದಕ್ಕೆ ಎಂದೆ. ನಾನ್ಯಾವಾಗ ಒಪ್ಪಿದೆ ಎಂದಳು. ಭಾವ ಮಾತಾಡಲಿಲ್ಲವೇ ಎಂದು ಕೇಳಿದೆ. ಭಾವ ಏನೂ ಮಾತಾಡಿರಲಿಲ್ಲ. ನಾನು ಬಂದುಹೋದ ಮರುದಿನವೇ, ಸೋಮವಾರ, ಅವರು ಹಾಸಿಗೆ ಸುತ್ತಿಕೊಂಡು ಜಗಳೂರಿಗೆ ಹೊರಟುಹೋಗಿದ್ದರು. ಅಲ್ಲಿನ ಆಫೀಸು ನೋಡಿಕೊಳ್ಳಲು ಮಾಲೀಕರು ಕಳಿಸಿದ್ದಾರೆ ಎಂದು ಹೇಳಿದ್ದರಂತೆ.

ನಾನು ನಿಂತಲ್ಲೇ ಎಲ್ಲ ಹೇಳಿದೆ. ಕನ್ನಡಿ, ಏರಿ, ಬೆಳಕು ಮಿಂಚಿದ್ದು, ಮಾಸ್ತರರಿಗೆ ಕೊಟ್ಟ ಮಾತು. ಏನೇನು ಹೇಳಿದೆ ಎನ್ನುವುದು ಮುಂದೆ ಮುಖ್ಯವಾಗುತ್ತದೆ, ಆದರೆ ಎಲ್ಲ ಶಬ್ದಗಳೂ ನೆನಪಿಲ್ಲ. ಸಿಟ್ಟಿನಲ್ಲಿದ್ದೆ. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

“ಕೇಳಾಕೆ ಧೈರ್ಯ ಸಾಲದೆ ಕನ್ನಡಿ ಕತೆ ಕಟ್ಕಂಡು ಬಂದ್ಯೇನೋ?” ಎಂದಳು. “ನನ್ನ ಬಾಯಲ್ಲಿ ಇಲ್ಲದ ಮಾತು ಅವರಿಗೆ ಹೇಳಿ ಬಂದೆ. ನಾಳೆ ಆ ಹುಡುಗಿ ಮುಖ ನಾನು ಹೆಂಗೆ ನೋಡ್ಲಿ?”

ಸಿಹಿಯ ಪೊಟ್ಟಣವನ್ನು ಹೊಸಿಲ ಹೊರಗೆ ಇಟ್ಟು ಬಾಗಿಲು ಮುಂದೆ ಮಾಡಿದಳು.

ಅಲ್ಲಿಂದ ಹೊನ್ನಾಳಿ, ದಾವಣಗೆರೆ, ಅಲ್ಲಿಂದ ಜಗಳೂರಿಗೆ ಮೂರು ಬಸ್ಸು ಬದಲಿಸಿ ಹೋದೆ. ಯಾವ ಕಡೆ ಕೂತೆನೋ, ಬಿಸಿಲಿತ್ತೋ ಗೊತ್ತಿಲ್ಲ. ಜಗಳೂರಿನ ಬುಕಿಂಗ್ ಆಫೀಸು ಒಂದು ಸಣ್ಣ ಕೋಣೆ. ಒಳಗೆ ಕಾಲಿಡುತ್ತಲೇ ಕಂಡದ್ದು ಗೋಡೆಯ ಮೇಲಿನ ಆ ಉದ್ದನೆಯ ಕನ್ನಡಿ. ಅದರ ಕೆಳಗೆ ಭಾವ ಟಿಕೆಟ್ ಪುಸ್ತಕ ಹಿಡಿದು ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಆ ಮನುಷ್ಯ ನನಗಾಗಿ ಎದ್ದು ನಿಂತದ್ದು ಅದೇ ಮೊದಲು.

ಗುರುವಾರ ಎಲ್ಲಿದ್ದಿರಿ ಎಂದು ಕೇಳಿದೆ. ಇಲ್ಲೇ ಎಂದರು. ಕನ್ನಡಿ? ಅದೂ ಇಲ್ಲೇ, ಸೋಮವಾರ ಸಂಜೆ ಮೊಳೆ ಹೊಡೆದದ್ದು. ಪಕ್ಕದ ಸೈಕಲ್ ಷಾಪಿನವನೂ ಹೋಟೆಲಿನವನೂ ಹೌದು ಎಂದರು. ಗುರುವಾರ ಬೆಳಿಗ್ಗೆ ಒಂದು ಬಸ್ಸು ಕೆಟ್ಟು ನಿಂತು, ಭಾವ ಮಧ್ಯಾಹ್ನದವರೆಗೆ ಜನರ ಬೈಗುಳ ತಿಂದಿದ್ದರಂತೆ. ಅಕ್ಕನ ಮುಂದೆ ಮಾತು ತೆಗೆಯಲು ಅವರಿಗೆ ಧೈರ್ಯ ಬಂದಿರಲಿಲ್ಲ. ಮಾಲೀಕರು ಕಳಿಸಿದ್ದೂ ಅಲ್ಲ, ತಾನೇ ಕೇಳಿಕೊಂಡು ಬಂದದ್ದು ಎಂದು ಕೊನೆಗೆ ಒಪ್ಪಿಕೊಂಡರು.

“ಏನೂ ಕಾಣದಿದ್ರೆ ನೀನು ಸುಮ್ನಿರ್ತೀಯ ಅಂದ್ಕಂಡೆ ಕಣಪ್ಪಾ” ಎಂದರು. “ಕಾಣ್ತೈತೆ ಅಂತ ನನಗೇನು ಗೊತ್ತು?”

ಇಷ್ಟು ವರ್ಷ ನನಗೆ ಕಿಟಕಿ ಹಿಡಿದುಕೊಟ್ಟವರು, ಈ ಒಂದು ಸಲ, ಟವೆಲ್ ಹಾಕಿದ್ದೇನೆ ಎಂದು ಹೇಳಿ ಬಸ್‌ಸ್ಟ್ಯಾಂಡಿನಿಂದಲೇ ಓಡಿಹೋಗಿದ್ದರು. ನಾನು ಅವರಿಗೆ ಹೇಳದೆ ಹೊರಬಿದ್ದೆ.

ಅದರ ಮರುವಾರ ರಜೆ ಹಾಕಿ ಸೂಳೆಕೆರೆಗೆ ಹೋದೆ. ನಾನು ಬೇರೆಯವರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನು ಈಗ ನನಗೇ ಕೇಳಿಕೊಳ್ಳಬೇಕಿತ್ತು. ತೂಬು ತೆಗೆದು ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಸಿಕ್ಕಿದ. ಆ ಗುರುವಾರ ಕಾಲುವೆಗೆ ನೀರು ಬಿಟ್ಟ ದಿನವಾದ್ದರಿಂದ ಅವನಿಗೆ ಚೆನ್ನಾಗಿ ನೆನಪಿತ್ತು. ಬೆಳಗಿನಿಂದ ಏರಿಯ ಮೇಲೆಯೇ ಇದ್ದನಂತೆ. ಕನ್ನಡಿ ಹಿಡಿದವರು ಯಾರಾದರೂ ಇದ್ದರೇ ಎಂದೆ.

“ಕನ್ನಡಿ ಹಿಡ್ಕಂಡು ಏರಿ ಮೇಲೆ ನಿಂತ್ಕಣಾಕೆ ಇಲ್ಲೇನು ಮದುವೆ ನಡೀತಿತ್ತೇನ್ರೀ?” ಎಂದು ನಕ್ಕ. “ಬಟ್ಟೆ ಒಗೆಯೋ ಹೆಂಗಸರಿದ್ರು, ಅವರು ದಿನಾ ಇರ್ತಾರೆ. ಇನ್ಯಾರೂ ಇಲ್ಲ.”

ಹೆಂಗಸರ ಬಗ್ಗೆ ನಾನು ಮುಂದೆ ಕೇಳಲಿಲ್ಲ. ಕೇಳಬೇಕೆಂದು ಅನ್ನಿಸಲೂ ಇಲ್ಲ. ಏರಿಯ ಆಸುಪಾಸಿನಲ್ಲಿ ತಗಡಿನ ಚಾವಣಿ ಹುಡುಕಿದೆ, ಇರಲಿಲ್ಲ. ನೀರಿನ ಹೊಳಪು ಎನ್ನಲು ಸೂರ್ಯ ತಪ್ಪು ದಿಕ್ಕಿನಲ್ಲಿದ್ದ. ಉಳಿದದ್ದು ಏರಿಯ ಮೇಲಿನ ರಸ್ತೆಯಲ್ಲಿ ಹೋಗುವ ಬಸ್ಸು. ಹಳೆಯ ಬಸ್ಸುಗಳ ಮುಂದಿನ ಗಾಜು ಎರಡು ಭಾಗವಾಗಿರುತ್ತದೆ, ತಿರುವಿನಲ್ಲಿ ಒಂದಾದ ಮೇಲೊಂದು ಹೊಳೆಯಬಹುದು. ಈ ಉತ್ತರ ಸಿಕ್ಕಿದಾಗ ನನಗೆ ಎಷ್ಟು ಸಮಾಧಾನವಾಯಿತೆಂದರೆ ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಒಂದೇ ಬಸ್ಸು ಮೂರು ಸಲ ತಿರುಗುವುದು ಹೇಗೆ ಎಂಬ ಪ್ರಶ್ನೆ ಬೆಳಿಗ್ಗೆ ಎದ್ದ ಮೇಲೆ ಬಂತು.

ನನ್ನ ತಪ್ಪನ್ನೂ ಬರೆಯಬೇಕು. ಇಷ್ಟೆಲ್ಲ ತಿಳಿದ ಮೇಲೂ ನಾನು ಮಾಸ್ತರರಿಗೆ ನಿಜ ಬರೆಯಲಿಲ್ಲ. ಮದುವೆಯ ಹೊತ್ತಿಗೆ ಅಕ್ಕ ಕರಗುತ್ತಾಳೆ ಎಂದು ದಿನ ದೂಡಿದೆ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮಾಸ್ತರರು ತಮ್ಮ ಪಕ್ಕದ ಕುರ್ಚಿಯ ಮೇಲೆ ಒಂದು ಹೊಸ ಸೀರೆ, ಹೂವು ಇಟ್ಟುಕೊಂಡು, ಯಾರೂ ಕೂರದಂತೆ ನೋಡಿಕೊಳ್ಳುತ್ತ ಕಾದರು. ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕ ಬರಲಿಲ್ಲ. ನಾನು ಅವರನ್ನು ಹೊರಗೆ ಕರೆದು ತಲೆ ತಗ್ಗಿಸಿ ಹೇಳಿದೆ. ಅವರು ಕೂಗಾಡಲಿಲ್ಲ.

“ನೀವು ಸುಳ್ಳು ಹೇಳೋ ಮನಷ್ಯಾ ಅಂತ ನನಗ ಅನಿಸಿರಲಿಲ್ಲರಿ” ಎಂದರು.

ಮಗಳ ಮುಖ ನೋಡಿ ಸಹಿ ಹಾಕಿದರು. ಮುಂದೆ ಬದುಕಿರುವವರೆಗೂ ನಮ್ಮ ಮನೆಗೆ ಬಂದಾಗ ಮಗಳ ಜೊತೆ ಮಾತಾಡಿ, ನನ್ನ ಜೊತೆ ಹವಾಮಾನ ಮಾತಾಡಿ ಹೋಗುತ್ತಿದ್ದರು.

ವಿಮಲಾಗೆ ಮದುವೆಯ ನಂತರ ಕನ್ನಡಿಯ ಕತೆಯನ್ನು ಪೂರ್ತಿ ಹೇಳಿದೆ. ಅವಳು ನಗಲಿಲ್ಲ. ಅಕ್ಕನೇ ಹೋಗಿರಬೇಕು ಎಂದಳು. ಭಾವ ಹೊರಡುವಾಗ ಹೇಗೋ ಅವರ ಕಿವಿಗೆ ಹಾಕಿರುತ್ತಾರೆ. ಅವರಿಗೆ ಮನಸ್ಸಿತ್ತು, ಬಾಯಿಬಿಟ್ಟು ಹೇಳಲು ಊರು ಅಡ್ಡ ಬಂತು. ಏರಿಯ ಮೇಲೆ ನಿಂತು ಹೇಳಿದರು, ಮನೆಯಲ್ಲಿ ಇಲ್ಲವೆಂದರು. ಇದು ಅವಳ ವಿವರಣೆ. ಭಾವನನ್ನು ಕೇಳಿ ಪತ್ರ ಬರೆದೆ. ದೇವರಾಣೆ ಹೇಳಿಲ್ಲ ಎಂದು ಉತ್ತರ ಬಂತು. ಆದರೂ ವಿಮಲಾ ತನ್ನ ನಂಬಿಕೆ ಬಿಡಲಿಲ್ಲ. ಪ್ರತಿ ಹಬ್ಬಕ್ಕೂ ಅಕ್ಕನಿಗೆ ಕಾಗದ ಬರೆಯುತ್ತಿದ್ದಳು, ಉತ್ತರ ಬರದಿದ್ದರೂ. ತನ್ನನ್ನು ಬೇಡವೆಂದ ಮನೆಗೆ ಬಂದವಳು ತಾನಲ್ಲ, ಗುಟ್ಟಾಗಿ ಬೇಕೆಂದವರ ಮನೆಗೆ ಬಂದವಳು ಎಂದು ಅವಳು ತಿಳಿದಿದ್ದಳು.

ಆರು ವರ್ಷ ಹೀಗೆಯೇ ಹೋಯಿತು. ಎಂಬತ್ತರ ದಶಕ ಮುಗಿಯುತ್ತ ಬಂದಾಗ ಭಾವನಿಗೆ ಕಾಯಿಲೆಯಾಗಿ ಬೆಂಗಳೂರಿನ ಆಸ್ಪತ್ರೆಗೆ ಸೇರಿಸಬೇಕಾಯಿತು. ಬೇರೆ ದಾರಿಯಿಲ್ಲದೆ ಅಕ್ಕ ನಮ್ಮ ಮನೆಗೆ ಬಂದಳು. ಮೊದಲ ಎರಡು ದಿನ ವರಾಂಡದಲ್ಲಿ ಸೀಮೆಎಣ್ಣೆ ಸ್ಟೌವ್ ಇಟ್ಟುಕೊಂಡು ತಾನೇ ಬೇಯಿಸಿಕೊಂಡಳು. ಮೂರನೆಯ ದಿನ ಮಳೆಗಾಳಿಗೆ ಸ್ಟೌವ್ ಆರಿತು. ವಿಮಲಾ ಅದನ್ನು ಎತ್ತಿ ಅಡಿಗೆಮನೆಯೊಳಗೆ ತನ್ನ ಒಲೆಯ ಪಕ್ಕ ಇಟ್ಟಳು. ಅಕ್ಕ ಹಿಂದೆಯೇ ಒಳಗೆ ಹೋದಳು. ಆಮೇಲೆ ಯಾವ ದಿನ ಆ ಸ್ಟೌವ್ ಹಚ್ಚುವುದು ನಿಂತಿತೋ ನಾನು ಗಮನಿಸಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ನಡುಮನೆಯಲ್ಲಿ ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ನಾನು ಎದುರಿಗೆ ಕೂತು ಆಸ್ಪತ್ರೆಗೆ ಹೊರಡಲು ಹೊತ್ತು ನೋಡುತ್ತಿದ್ದೆ. ವಿಮಲಾ ಒಳಗಿದ್ದಳು. ಮೇಲೆ ಎಲ್ಲೋ ವಿಮಾನದ ಸದ್ದಾಯಿತು. ಅಕ್ಕ ತಲೆಯೆತ್ತದೆ ಕೇಳಿದಳು:

“ಅವತ್ತು ನಿನಗೆ ಕಂಡಿದ್ದು ಒಂದೇ ಅಲ್ಲೇನೋ?”

“ಏನು ಒಂದೇ?”

“ಬೆಳಕು.”

“ಎರಡಕ್ಕಾ” ಎಂದೆ. “ಮೂರು ಸಲವೂ ಎರಡೆರಡು.”

ಅಕ್ಕ ಒಂದು ಕಲ್ಲನ್ನು ಬೆರಳಿನಲ್ಲಿ ಹಿಡಿದು ನೋಡಿ ಪಕ್ಕಕ್ಕೆ ಹಾಕಿ ಹೇಳಿದಳು: “ಹಂಗಾದ್ರೆ ಎರಡೇ ಬಿಡು.”

ನೀನು ಹೋಗಿದ್ದೆಯಾ ಎಂದು ಕೇಳಿದೆ. ನಾನ್ಯಾಕೆ ಹೋಗಲಿ, ಮನೆಯಲ್ಲಿ ಕೆಲಸ ಇರಲಿಲ್ಲವೇ ಎಂದಳು. ಮತ್ತೆ ಒಂದು ಎಂದು ಯಾಕೆ ಕೇಳಿದೆ ಎಂದೆ. ಸುಮ್ಮನೆ ಕೇಳಿದೆ ಎಂದಳು. ನಾನು ಇನ್ನೊಂದು ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಮೊರ ಎತ್ತಿಕೊಂಡು, “ವಿಮಲಾ, ಅಕ್ಕಿ ಆತು ನೋಡವ್ವಾ” ಎನ್ನುತ್ತ ಒಳಗೆ ಹೋದಳು. ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿದ್ದು ಅದೇ ಮೊದಲು.

ಒಂದು ಮಿಂಚು ಎಂದರೆ ಒಪ್ಪಿಗೆಯಿಲ್ಲ ಎಂಬುದು ಆ ಗುರುವಾರ ಭಾವನಿಗೂ ನನಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಆ ಭಾನುವಾರ ಹೊಸಿಲಲ್ಲಿ ನಿಂತು ಸಿಟ್ಟಿನಲ್ಲಿ ಅದನ್ನೂ ನಾನೇ ಹೇಳಿದ್ದೆನೇ? ಹೇಳಿರಬಹುದು. ಹೇಳಿಲ್ಲ ಎಂದು ಪ್ರಮಾಣ ಮಾಡಲಾರೆ. ಆಸ್ಪತ್ರೆಯಲ್ಲಿ ಭಾವನನ್ನು ಮತ್ತೊಮ್ಮೆ ಕೇಳಿದೆ. ಅವರು ಮೊದಲಿನ ಉತ್ತರವನ್ನೇ ಕೊಟ್ಟು ಅತ್ತರು. ಅವರು ಅತ್ತದ್ದು ಕಾಯಿಲೆಗೋ ಬೇರೆ ಯಾವುದಕ್ಕೋ ನನಗೆ ತಿಳಿಯಲಿಲ್ಲ. ನ್ಯಾಮತಿಯಿಂದ ಸೂಳೆಕೆರೆಗೆ ಅಕ್ಕ ಹೋಗಬೇಕೆಂದರೆ ಹೋಗಬಹುದಿತ್ತು. ಆ ಕಂಪನಿಯ ಬಸ್ಸುಗಳಲ್ಲಿ ಯಾರೂ ಅವಳನ್ನು ಟಿಕೆಟ್ ಕೇಳುತ್ತಿರಲಿಲ್ಲ. ಕುಂಕುಮ ಇಟ್ಟುಕೊಳ್ಳುವ ಅಂಗೈಯಗಲದ ಕನ್ನಡಿ ಅವಳ ಹತ್ತಿರವೂ ಇತ್ತು. ಬಟ್ಟೆ ಒಗೆಯುವ ಹೆಂಗಸರ ನಡುವೆ ಇನ್ನೊಬ್ಬಳನ್ನು ನೀರುಗಂಟಿ ಎಣಿಸುವುದಿಲ್ಲ.

ಹೋಗಿದ್ದರೆ ಅವಳು ತೋರಿಸಿದ್ದು ಒಂದು. ನಾನು ಕಂಡದ್ದು ಎರಡು. ಅಷ್ಟು ದೂರ ಬಂದು, ಗುಟ್ಟಾಗಿ ನಿಂತು, ಬೇಡ ಎಂದು ಹೇಳಿದವಳ ಮಾತನ್ನು ನಾನು ಹೂಂ ಎಂದು ಓದಿಕೊಂಡು ಹೋದೆ. ಹೋಗಿರದಿದ್ದರೆ ಆ ಬೆಳಕು ಯಾರದ್ದು? ಭಾವ ಕೈಕೊಟ್ಟದ್ದನ್ನು ನಾನು ಎಂದೋ ಕ್ಷಮಿಸಿದೆ, ಅವರು ಹೆದರಿದ ಮನುಷ್ಯ ಅಷ್ಟೇ. ನನ್ನ ಸ್ವಂತ ಕಣ್ಣುಗಳನ್ನು ಕ್ಷಮಿಸಲು ಆಗಿಲ್ಲ. ಕೂದಲೆಳೆ ಅಳೆಯುವ ಕಣ್ಣುಗಳು, ಒಂದು ಎರಡು ಎಣಿಸುವುದರಲ್ಲಿ ಸೋತವೋ ಇಲ್ಲವೋ ಎಂದು ಹೇಳುವವರು ಈಗ ಯಾರೂ ಇಲ್ಲ. ಭಾವನೂ ಇಲ್ಲ, ಅಕ್ಕನೂ ಇಲ್ಲ. ಅಕ್ಕನ ಕೊನೆಯ ವರ್ಷಗಳಲ್ಲಿ ಅವಳ ಬಾಯಿಗೆ ನೀರು ಹಾಕುವವರೆಗೂ ನೋಡಿಕೊಂಡವಳು ವಿಮಲಾ. ತನ್ನನ್ನು ಆರಿಸಿಕೊಂಡವರಿಗೆ ಮಾಡುತ್ತಿದ್ದೇನೆ ಎಂದೇ ಅವಳು ಮಾಡಿದಳು.

ಆ ಮಧ್ಯಾಹ್ನದ ಮಾತನ್ನು ನಾನು ವಿಮಲಾಗೆ ಈವರೆಗೆ ಹೇಳಿಲ್ಲ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳು. ಇದನ್ನು ಇನ್ನೂ ಕೊಟ್ಟಿಲ್ಲ.